ಎರಡು ಕಿವಿಯ ಬೋಗುಣಿ

ಜುಲೈ ತಿಂಗಳ ಚಳಿಗಾಲದಲ್ಲಿ ವಾಯವ್ಯದ ಗಾಳಿ ಬೆಟ್ಟ ದಾಟಿ ಬಂತೆಂದರೆ ಭೂಮಿಯ ದಕ್ಷಿಣ ತುದಿಯ ನಮ್ಮ ಕಣಿವೆಯಲ್ಲಿ ಮೂರು ಹೊತ್ತೂ ಮಳೆಯೇ. ಆ ಸಂಜೆಯೂ ಹಾಗೆಯೇ ಹಿಡಿದಿತ್ತು. ಕರೆಂಟು ಹೋಗಿ, ದ್ರಾಕ್ಷಿ ತೋಟಗಳೆಲ್ಲ ಕಪ್ಪಗಾಗಿ, ಇಡೀ ಓಣಿಯಲ್ಲಿ ಬೆಳಕೂ ಬಿಸಿಯೂ ಉಳಿದದ್ದು ಔಮಾ ಲೇಯಾಳ ಅಡುಗೆಮನೆಯಲ್ಲಿ ಮಾತ್ರ. ಈಗಲೂ ಸೌದೆ ಒಲೆ ಇಟ್ಟುಕೊಂಡಿರುವವಳು ಅವಳೊಬ್ಬಳೇ. ಔಮಾ ಎಂದರೆ ಅಜ್ಜಿ. ಊರಿಗೆಲ್ಲ ಅವಳು ಬಾಯಿಮಾತಿಗೆ ಔಮಾ, ನನಗೆ ಸ್ವಂತ ಅಜ್ಜಿ, ನನ್ನಮ್ಮ ಲೇನಾಳ ತಾಯಿ. ಅಮ್ಮ ತೀರಿಕೊಂಡ ಮೇಲೆ ನನಗೆ ಉಳಿದದ್ದು ಅವಳೇ.

ನಾನು ಹೊಳೆಯಾಚೆಯ ಹೊಸ ಬೀದಿಯಿಂದ ನನ್ನ ಮೂರು ತಿಂಗಳ ಮಗು ಮೀಕಾಳನ್ನು ಕರೆದುಕೊಂಡು ಬಂದಿದ್ದೆ. ನಾನು ಕೆಲಸ ಮಾಡುವುದು ದೊಡ್ಡ ಮನೆಯಲ್ಲಿ. ಹಿಂದೆ ಅದು ತೋಟದ ದಣಿಗಳ ಬಂಗಲೆ, ಈಗ ಪ್ರವಾಸಿಗರು ತಂಗುವ ಹೋಟೆಲು. ಹಿಂದಿನ ದಿನ ಅಲ್ಲಿ ಅಟ್ಟ ಖಾಲಿ ಮಾಡಿಸುವಾಗ ಗುಜರಿಯ ರಾಶಿಯಲ್ಲಿ ಎರಡು ಕಿವಿಯ ತಾಮ್ರದ ಬೋಗುಣಿಯೊಂದು ಕಂಡಿತು. ಮಗುವಿಗೆ ಸ್ನಾನ ಮಾಡಿಸಲು ಆದೀತೆಂದು ಮನೆಗೆ ತಂದು ಉಪ್ಪು, ವಿನೆಗರ್ ಹಾಕಿ ಉಜ್ಜಿದೆ, ಹೊಸದರಂತೆ ಹೊಳೆಯಿತು. ಆ ಸಂಜೆ ಮಗುವಿನ ತಳ್ಳುಗಾಡಿ ಸೋರುತ್ತಿದ್ದುದರಿಂದ ಮೀಕಾಳನ್ನು ಕಂಬಳಿಯಲ್ಲಿ ಸುತ್ತಿ ಆ ಬೋಗುಣಿಯಲ್ಲೇ ಮಲಗಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದೆ. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಬೋಗುಣಿಯ ಒಂದು ಕಿವಿ, ಬೋಗುಣಿಯ ಮಗ್ಗುಲು ನನ್ನ ಸೊಂಟಕ್ಕೆ. ಮನೆ ಬಿಟ್ಟಾಗ ತೋಳು ಸೋಲುವಷ್ಟು ಭಾರವಿತ್ತು. ಹೊಳೆಯ ಕಡವಿನ ಸೇತುವೆಗೆ ಬಂದಾಗ ಹಗುರವಾಯಿತು. ಗಾಳಿ ಬೆನ್ನಿಗೆ ತಿರುಗಿರಬೇಕು ಎಂದುಕೊಂಡೆ.

ಅಡುಗೆಮನೆಯಲ್ಲಿ ಆಗಲೇ ಅಕ್ಕಪಕ್ಕದವರು ಒಲೆ ಸುತ್ತ ಸೇರಿ ರೂಯ್‌ಬೋಸ್ ಚಹಾ ಕುಡಿಯುತ್ತಿದ್ದರು. ಜೀವನವೆಲ್ಲ ಟ್ರ್ಯಾಕ್ಟರ್ ಓಡಿಸಿ ಈಗ ಬರೀ ಬಾಯಿ ಓಡಿಸುವ ಅಪೊಲ್ಲಿಸ್ ಮಾಮ ನನ್ನನ್ನು ನೋಡಿದ್ದೇ, "ಏನೇ ರೋಸ್ಲಿನ್, ಮಗೂನ ಬೇಯಿಸೋಕೆ ತಂದ್ಯಾ? ಈರುಳ್ಳಿ ಮರೆತುಬಂದಿದ್ದೀಯಲ್ಲ" ಎಂದ. ಎಲ್ಲರೂ ನಕ್ಕರು. ಔಮಾ ನಗಲಿಲ್ಲ. ಅವಳ ಕೈಯ ಲೋಟ ಅರ್ಧದಲ್ಲೇ ನಿಂತುಹೋಗಿತ್ತು.

ಅವಳು ಕೂತಲ್ಲಿಂದ ಎದ್ದು ಮೀಕಾಳನ್ನು ಎತ್ತಿ ಎದೆಗೆ ಅವಚಿಕೊಂಡಳು. ಬೋಗುಣಿಯನ್ನು ಈಗಿಂದೀಗಲೇ ಹೊರಗೆ ಅಂಗಳದಲ್ಲಿ ಬೋರಲು ಹಾಕಿ ಬಾಗಿಲಿಗೆ ಅಗಳಿ ಹಾಕುವಂತೆ ಅಪೊಲ್ಲಿಸ್ ಮಾಮನಿಗೆ ಹೇಳಿದಳು. ಅವಳ ದನಿ ಕೇಳಿ ಅವನು ಕೂಡಲೇ ಹಾಗೇ ಮಾಡಿದ. ಆಮೇಲೆ ಔಮಾ ಮಗುವಿನ ಪುಟ್ಟ ಕಾಲುಚೀಲಗಳನ್ನು ಎಳೆದು ನೋಡಿ, ದಾರ ಬಿಗಿಯಾಗಿ ಕಟ್ಟಿದಳು. ಮೀಕಾ ಹುಟ್ಟಿದ ದಿನವೇ ಅವನ್ನು ಹೆಣೆದು ತಂದವಳು ಅವಳು. ನನ್ನಮ್ಮನಿಗೂ ಬೇಸಿಗೆಯ ಸೆಖೆಯಲ್ಲೂ ಕಾಲುಚೀಲ ಬಿಚ್ಚಲು ಬಿಡುತ್ತಿರಲಿಲ್ಲವಂತೆ. ನಮ್ಮ ಮನೆತನದವರ ಕಾಲಿಗೊಂದು ಗುರುತಿದೆ: ಹೆಬ್ಬೆರಳಿನ ಪಕ್ಕದ ಎರಡು ಬೆರಳು ಅಂಟಿಕೊಂಡೇ ಇರುತ್ತವೆ. ಔಮಾಳದು ಹಾಗೇ, ಅಮ್ಮನದು ಹಾಗೇ, ನನ್ನದೂ ಮೀಕಾಳದೂ ಹಾಗೇ. ಓಣಿಯ ಹುಡುಗರು ನನ್ನನ್ನು ಬಾತುಕೋಳಿ ಎಂದೇ ಕರೆಯುತ್ತಿದ್ದರು. ಅದನ್ನು ಮುಚ್ಚಲು ಈ ಕಾಲುಚೀಲದ ಹಟವೆಂದು ನಾನು ತಿಳಿದಿದ್ದೆ.

ಹೊರಗೆ ಬೋರಲು ಬಿದ್ದ ತಾಮ್ರದ ಮೇಲೆ ಮಳೆ ಟಣಟಣ ಬಡಿಯತೊಡಗಿತು. ಔಮಾ ಮಗುವನ್ನು ನನ್ನ ಮಡಿಲಿಗೆ ಕೊಟ್ಟು, ನನ್ನ ಎದುರಿಗೇ ಕೂತು ಶುರುಮಾಡಿದಳು.

"ನಗೋರು ಈಗ್ಲೇ ನಕ್ಕುಬಿಡ್ರಪ್ಪಾ, ಆಮೇಲೆ ನಗು ಬರಲ್ಲ... ಆ ದೊಡ್ಡ ಮನೆಯ ಮೊದಲ್ನೇ ದಣಿ ಹಡಗಿಂದ ಇಳಿದಾಗ ಅವನ ಹತ್ರ ಏನಿತ್ತು ಅಂದ್ಕೊಂಡಿದ್ದೀರಿ? ಒಂದು ಕೋವಿ, ಒಂದು ಬೈಬಲ್, ಹರಕು ಬೂಟು. ಹಡಗು ಕಳಿಸಿದ ವ್ಯಾಪಾರದ ಕಂಪನಿಯೋರು ಹೊಳೆ ತೋರಿಸಿ, ಇಲ್ಲಿಂದ ಬೆಟ್ಟದವರೆಗೂ ನಿಂದು ಅಂದ್ರು. ಅಲ್ಲಿ ಮೊದ್ಲಿಂದ ದನ ಮೇಯಿಸ್ಕೊಂಡಿದ್ದ ಜನಾನ ಯಾರೂ ಒಂದು ಮಾತು ಕೇಳ್ಲಿಲ್ಲ. ಭೂಮಿ ಸಿಕ್ತು, ಅಗೆಯೋರು ಬೇಕಲ್ಲ? ಅದಕ್ಕೆ ನಮ್ಮನ್ನ ತಂದ್ರು. ಮಡಗಾಸ್ಕರಿಂದ, ಮೊಜಾಂಬಿಕ್ಕಿಂದ, ಬಂಗಾಳದಿಂದ, ಮಲಬಾರಿಂದ... ಅಪ್ಪ ಅಮ್ಮ ಇಟ್ಟ ಹೆಸರು ಸಮುದ್ರಕ್ಕೆ ಬಿತ್ತು, ಕೊಂಡ ತಿಂಗಳೇ ಹೆಸರಾಯ್ತು. ಅಪೊಲ್ಲಿಸ್, ನಿನ್ನ ಹೆಂಡ್ತಿ ತವರಿನೋರು ಸೆಪ್ಟೆಂಬರ್, ನನ್ನ ಗಂಡನ ಮನೆಯೋರು ಜೂಲಿಸ್, ಅಂದ್ರೆ ಜುಲೈ, ಮೂಲೆ ಮನೆಯೋರು ಫೆಬ್ರವರಿ. ನಮ್ಮೂರ ಚರ್ಚಿನ ಗೋಡೆಗೆ ಕ್ಯಾಲೆಂಡರೇ ಬೇಡ, ಬೆಂಚಿನ ಮೇಲೆ ಕೂತೋರನ್ನ ಎಣಿಸಿದ್ರೆ ಸಾಕು, ವರ್ಷ ಮುಗಿಯುತ್ತೆ.

"ಹಂಗೆ ಮಲಬಾರಿನ ಕಡಲ ತೀರದಿಂದ ತಂದ ಹೆಣ್ಣೊಬ್ಬಳಿದ್ಲು. ಕೊಂಡೋರು ಡೆಲ್ಫೀನಾ ಅಂತ ಹೆಸರಿಟ್ರು. ಬೆರಳು ಅಂಟಿಕೊಂಡ ಕಾಲು ಮೊದ್ಲು ಈ ನೆಲ ತುಳಿದಿದ್ದು ಅವಳದ್ದು. ಜೊತೆಯ ಆಳೊಬ್ಬನಿಂದ ಅವಳಿಗೊಬ್ಬ ಮಗಳು. ಆ ಮಗಳ ಬಳ್ಳಿಯೇ ನಾವು. ಆಮೇಲೆ ಇನ್ನೊಂದು ಗಂಡು ಮಗು ಆಯ್ತು, ಬೆಳ್ಳಗೆ, ನೀಲಿಗಣ್ಣು. ಹೆಂಗಾಯ್ತು ಅಂತ ಅವಳನ್ನ ಕೇಳಬೇಡಿ. ಮನೆ ಕೀಲಿ ಯಾರ ಸೊಂಟದಲ್ಲಿತ್ತೋ ಅವನನ್ನ ಕೇಳಿ.

"ದಣಿ ಹೆಂಡ್ತಿಗೆ ಮಕ್ಕಳಿರ್ಲಿಲ್ಲ. ಆ ಮಗೂನ ಬಾಣಂತಿ ಹಾಸಿಗೆಯಿಂದ್ಲೇ ಎತ್ಕೊಂಡು ಹೋಗಿ, ತನ್ನದೇ ಅಂತ ಚರ್ಚಲ್ಲಿ ದೀಕ್ಷೆಯ ನೀರು ಹಾಕ್ಸಿದ್ಲು. ಮುಗೀತು. ಆಗೆಲ್ಲ ಬಿಳಿಯರು ಅಂತಿರ್ಲಿಲ್ಲ ಕಣ್ರೋ, ನಾವು ಕ್ರೈಸ್ತರು ಅಂತಿದ್ರು. ಬಿಳುಪು ಅನ್ನೋದು ಆಮೇಲೆ ಬಂದ ಮಾತು. ಆಳಿನ ಹೊಟ್ಟೇಲಿ ಹುಟ್ಟಿದ್ದು ಆಳು, ಚರ್ಚಲ್ಲಿ ನೀರು ಬಿದ್ದ ಮೇಲೆ ಅದೇ ಕೂಸು ದಣಿ. ಒಂದು ಬೊಗಸೆ ನೀರಲ್ಲಿ ಎಷ್ಟು ದೂರ ಆಗಿಹೋಯ್ತು ನೋಡಿ ತಾಯಿಗೂ ಮಗನಿಗೂ...

"ಆಗಿನ ಮನೆಗಳಲ್ಲಿ ಒಂದು ಪದ್ಧತಿ. ಸಂಜೆ ಊಟ, ಪ್ರಾರ್ಥನೆ ಮುಗಿದ ಮೇಲೆ ಒಬ್ಬ ಆಳು ಬೆಚ್ಚಗಿನ ನೀರಿನ ಬೋಗುಣಿ ತಂದು ಎಲ್ಲರ ಕಾಲೂ ತೊಳೀಬೇಕು. ಮೊದ್ಲು ದಣಿ, ಆಮೇಲೆ ಅಮ್ಮಾವ್ರು, ಆಮೇಲೆ ನೆಂಟರು, ಕೊನೆಗೆ ಮಕ್ಕಳು. ಎಲ್ಲರಿಗೂ ಅದೇ ನೀರು. ದೊಡ್ಡ ಮನೇಲಿ ಆ ಕೆಲಸ ಡೆಲ್ಫೀನಾಳದ್ದು. ಅವಳು ಮಗೂನ ಎತ್ಕೊಳ್ಳೋ ಹಂಗಿಲ್ಲ, ಹಾಲು ಕೊಡೋ ಹಂಗಿಲ್ಲ, ಹೆಸರು ಹಿಡಿದು ಕರೆಯೋ ಹಂಗಿಲ್ಲ. ಕಾಲು ಮಾತ್ರ ತೊಳೀಬಹುದು! ದಿನವಿಡೀ ಆ ಗಳಿಗೆಗೋಸ್ಕರ ಬದುಕಿದ್ಲು ಅಂತಾರೆ. ತನ್ನ ಕಾಲಿನ ಹಂಗೇ ಅಂಟಿದ ಅವನ ಬೆರಳುಗಳ ಮೇಲೆ ನೀರು ಹುಯ್ದು, ತನ್ನ ಭಾಷೇಲಿ ಏನೋ ಅಂದ್ಕೊಂಡು, ಉಳಿದೋರ ಕಾಲಿಗಿಂತ ನಿಧಾನವಾಗಿ ಒರೆಸ್ತಿದ್ಲು.

"ಎಷ್ಟು ದಿನ ಸುಮ್ನಿರ್ತಾಳೆ? ಹುಡುಗ ಮಾತು ಕಲಿತ ಮೇಲೆ ಒಂದಿನ ಅವನ ಕಿವೀಲಿ, ನಾನು ಕಣಪ್ಪಾ ನಿನ್ನ ತಾಯಿ, ಅಂದುಬಿಟ್ಲು. ಹುಡುಗ ಮಾರನೇ ದಿನ ಊಟದ ಮೇಜಿನ ಮೇಲೆ ಅದನ್ನೇ ಹೇಳ್ದ. ಅವಳನ್ನ ಆವತ್ತೇ ಗಾಡಿಗೆ ಹತ್ತಿಸಿ ಬೆಟ್ಟದಾಚೆಗೆ ಮಾರಿದ್ರು. ಅವಳು ಅಲ್ಲಿಂದ ತಪ್ಪಿಸ್ಕೊಂಡು, ಇಂಥದೇ ಚಳಿ ಮಳೇಲಿ ನಡ್ಕೊಂಡು ವಾಪಸ್ ಬಂದ್ಲು. ಹೊಳೆ ತುಂಬಿತ್ತು. ಬೆಳಗಾದ ಮೇಲೆ ಕಡವಿನ ಕಲ್ಲಿಗೆ ಸಿಕ್ಕಿ ಬಿದ್ದಿದ್ಲು... ಆ ಸಂಜೆ ದೊಡ್ಡ ಮನೇಲಿ ಹುಡುಗನ್ನ ಮಲಗಿಸೋಕೆ ಹೋಗಿ ನೋಡ್ತಾರೆ, ಅವನ ಎರಡೂ ಕಾಲು ಒದ್ದೆ. ಆಗ ತಾನೇ ತೊಳೆದ ಹಂಗೆ, ಬೆಚ್ಚಗೆ."

ಯಾರೋ ಕುರ್ಚಿಯನ್ನು ಒಲೆಯ ಹತ್ತಿರಕ್ಕೆ ಎಳೆದುಕೊಂಡರು. ಹೊರಗೆ ತಾಮ್ರ ಟಣಟಣ ಎನ್ನುತ್ತಲೇ ಇತ್ತು.

"ಅಲ್ಲಿಂದ ಆ ಮನೆಗೆ ಎರಡು ಕಟ್ಟಳೆ ಬಂತು. ಒಂದು, ಯಾರೂ ಬರಿಗಾಲಲ್ಲಿ ಇರೋ ಹಂಗಿಲ್ಲ, ಮಲಗಿದ್ರೂ ಕಾಲುಚೀಲ. ಸುತ್ತಮುತ್ತಲ ತೋಟದ ಬಿಳಿ ಮಕ್ಕಳೆಲ್ಲ ಬರಿಗಾಲಲ್ಲಿ ಕುಣಿಯೋವಾಗ ಆ ಮನೆ ಮಕ್ಕಳು ಮಾತ್ರ ಬೂಟು ಹಾಕ್ಕೊಂಡು ಬೆವರ್ತಾ ನಿಂತಿರ್ತಿದ್ವು. ಇನ್ನೊಂದು, ದಿನಾ ಸಂಜೆ ಅಡುಗೆಮನೆ ಹೊಸಿಲಲ್ಲಿ ಈ ಬೋಗುಣಿ ತುಂಬ ಬೆಚ್ಚಗಿನ ನೀರು, ಪಕ್ಕದಲ್ಲಿ ಒಂದು ಟವೆಲು. ನೀರು ಸಿಕ್ಕಿದ್ರೆ ಅವಳು ಹೊಸಿಲಲ್ಲೇ ನಿಲ್ತಾಳೆ ಅಂತ. ಯಾಕಂದ್ರೆ ಅವಳು ಹುಡುಕೋದು ಕಾಲು. ಕತ್ತಲಲ್ಲಿ ಕೈಯಾಡಿಸಿ ಅಂಟಿದ ಬೆರಳು ಹುಡುಕ್ತಾಳೆ. ಬಣ್ಣ ಅವಳಿಗೆ ಕಾಣಲ್ಲ, ಕೈಗೇನು ಕಣ್ಣಿದ್ಯಾ? ಸಿಕ್ಕಿದ್ರೆ ತೊಳೀತಾಳೆ. ಅವಳ ಕೈಲಿ ತೊಳೆಸ್ಕೊಂಡ ಮಗು ಆಮೇಲೆ ಹೆತ್ತ ತಾಯಿ ಕರೆದ್ರೂ ತಿರುಗಲ್ಲ, ಹೊಳೆ ಕಡೆ ಮುಖ ಮಾಡಿ ಮಲಗುತ್ತೆ. ಒಂದು ಮಳೆ ದಿನ ತೊಟ್ಟಿಲು ಖಾಲಿ. ಹಂಗೆ ಹೋದ ಮಕ್ಕಳ ಗೋರಿಕಲ್ಲು ದಣಿಗಳ ಸ್ಮಶಾನದಲ್ಲಿ ಇವತ್ತಿಗೂ ಇದೆ. ಕೆಸರು ಹೊಳೇಲಿ ಸಿಕ್ಕಿದ ಹೆಣ, ಕಾಲು ಮಾತ್ರ ತೊಳೆದಿಟ್ಟ ಹಂಗೆ ಶುಭ್ರ...

"ಇಷ್ಟು ಕತೆ ಆಗ ಊರಿಗೆಲ್ಲ ಗೊತ್ತು. ಆದ್ರೆ ಆ ಹುಡುಗನ ವಂಶವೇ ದಣಿಗಳ ವಂಶ ಅನ್ನೋದನ್ನ ಪಿಸುಮಾತಲ್ಲಿ ಆಡ್ತಿದ್ರೇ ಹೊರತು ನಂಬ್ತಿರ್ಲಿಲ್ಲ. ಅವರ ಕಾಲು ಕಂಡೋರು ಯಾರಿದ್ರು? ನಾನು ಕಂಡೆ."

ಔಮಾ ಅಲ್ಲಿಗೆ ನಿಲ್ಲಿಸಿ ನನ್ನನ್ನೇ ನೋಡಿದಳು. ನಿನ್ನಮ್ಮ ಬದುಕಿರುವವರೆಗೆ ಈ ಮಾತು ಆಡಬಾರದೆಂದಿದ್ದೆ, ಈಗ ಆಡದೆ ವಿಧಿಯಿಲ್ಲ ಎಂದಳು. ನನಗೆ ಯಾಕೋ ಮಡಿಲಲ್ಲಿದ್ದ ಮಗುವನ್ನು ಇನ್ನಷ್ಟು ಹತ್ತಿರ ಎಳೆದುಕೊಳ್ಳಬೇಕೆನಿಸಿತು.

"ಆಗ ನಾನು ದೊಡ್ಡ ಮನೇಲಿ ಕೆಲಸಕ್ಕಿದ್ದೆ. ಹಿತ್ತಲ ಕೋಣೇಲೇ ವಾಸ. ನನ್ನ ಗಂಡ ಮೀನಿನ ದೋಣಿಗೆ ಹೋಗಿದ್ದ. ಚಿಕ್ಕ ದಣಿ ಕೋಬಸ್ ಉತ್ತರದ ಕಡೆಯಿಂದ ಅನ್ನೆಕೆ ಅನ್ನೋಳನ್ನ ಮದುವೆ ಮಾಡ್ಕೊಂಡು ಬಂದಿದ್ದ. ನಗುಮುಖದ ಹೆಣ್ಣು, ಮನೆ ತುಂಬ ಬರಿಗಾಲಲ್ಲೇ ಓಡಾಡೋಳು. ಬೋಗುಣಿ ಕಂಡ್ರೆ, ಲೇಯಾ, ನಿಮ್ಮ ದೆವ್ವಕ್ಕೆ ಸೋಪು ಬೇಡ್ವಾ, ಅಂತ ಚುಡಾಯ್ಸೋಳು. ಇಬ್ರೂ ಒಂದೇ ಕಾಲಕ್ಕೆ ಬಸುರಿ. ನನಗೆ ಮೊದ್ಲು ಹೆರಿಗೆ ಆಯ್ತು, ಹೆಣ್ಣು. ಲೇನಾ ಅಂತ ಹೆಸರಿಟ್ಟೆ.

"ಆ ಕಾಲ ಎಂಥದ್ದು ಅಂತ ಅಪೊಲ್ಲಿಸ್‌ಗೆ ಗೊತ್ತು. ಪ್ರತಿಯೊಬ್ಬರಿಗೂ ಇಂಥ ಜನಾಂಗ ಅಂತ ಸರ್ಕಾರ ಚೀಟಿ ಅಂಟಿಸ್ತಿದ್ದ ಕಾಲ. ಅನುಮಾನ ಬಂದ್ರೆ ಕೂದಲಿಗೆ ಪೆನ್ಸಿಲ್ ಸಿಕ್ಕಿಸ್ತಿದ್ರು. ಬಿದ್ರೆ ಬಿಳಿ, ನಿಂತ್ರೆ ಅಲ್ಲ. ನನ್ನ ದೊಡ್ಡಪ್ಪನ ಮನೇಲಿ ಅಣ್ಣನ ತಲೆಯಿಂದ ಪೆನ್ಸಿಲ್ ಬಿತ್ತು, ತಮ್ಮನ ತಲೇಲಿ ನಿಂತ್ಕೊಂಡ್ತು. ಮಾರನೇ ದಿನದಿಂದ ಅಣ್ಣ ರೈಲಲ್ಲಿ ಬೇರೆ ಡಬ್ಬಿ. ನಗು ಬರುತ್ತಲ್ವಾ? ನಮಗೂ ಬರ್ತಿತ್ತು, ಅಳೋದರ ಮಧ್ಯೆ.

"ಇಂಥ ಕಾಲದಲ್ಲಿ ಅನ್ನೆಕೆಗೆ ಹೆರಿಗೆ ಆಯ್ತು. ಅದೇ ದಿನ ನನ್ನ ಲೇನಾ ಜ್ವರ ಬಂದು ನನ್ನ ತೊಡೆ ಮೇಲೇ ತಣ್ಣಗಾದ್ಲು. ಕೂಗೋಕೂ ನಂಗೆ ಶಕ್ತಿ ಇರ್ಲಿಲ್ಲ. ಹಂಗೇ ಕೂತಿದ್ದೆ. ಸಂಜೆ ಬಾಗಿಲು ತೆಗೆದು ಹಿರಿಯಮ್ಮಾವ್ರು ಬಂದ್ರು, ಕೋಬಸ್‌ನ ತಾಯಿ. ಕೈಯಲ್ಲೊಂದು ಗಂಟು. ಬಿಚ್ಚಿದ್ರೆ ಕೂಸು. ನನಗಿಂತ ಕಪ್ಪು, ತಲೆ ತುಂಬ ಗುಂಗುರು ಕೂದಲು. ಕಾಲು ನೋಡ್ದೆ... ಬೆರಳು ಅಂಟಿಕೊಂಡಿದ್ವು. ನನ್ನ ಕಾಲು, ನನ್ನಮ್ಮನ ಕಾಲು. ಅಷ್ಟು ತಲೆಮಾರು ಕಾಲುಚೀಲದೊಳಗೆ ಬಚ್ಚಿಟ್ಟದ್ದು ಆ ಕೂಸಿನ ಮೈಮೇಲೆಲ್ಲ ಎದ್ದು ಬಂದಿತ್ತು. ಆಗ ತಿಳೀತು ನಂಗೆ, ಆ ಮನೆಯೋರು ಡೆಲ್ಫೀನಾಗೆ ಎಷ್ಟು ಹೆದರ್ತಿದ್ರೋ ತಮ್ಮ ಕಾಲಿಗೂ ಅಷ್ಟೇ ಹೆದರ್ತಿದ್ರು.

"ಹಿರಿಯಮ್ಮಾವ್ರ ಮಾತು ನನ್ನ ಕಿವೀಲಿ ಇನ್ನೂ ಇದೆ. 'ನಿನ್ನ ಮಗಳಿಗೆ ಅಮೃತಶಿಲೆಯ ಗೋರಿ ಸಿಗುತ್ತೆ. ಇವಳಿಗೆ ಒಬ್ಬ ತಾಯಿ ಸಿಕ್ತಾಳೆ. ನೀನು ಬಾಯಿ ಬಿಟ್ರೆ ಇಬ್ಬರಿಗೂ ಏನೂ ಇಲ್ಲ.' ನನ್ನ ಲೇನಾನ ಆ ಗಂಟಲ್ಲೇ ಸುತ್ತಿ ಎತ್ಕೊಂಡು ಹೋದ್ರು. ಅನ್ನೆಕೆಗೆ ಸತ್ತ ಮಗು ಹುಟ್ತು ಅಂತ ಊರಿಗೆ ಸಾರಿದ್ರು. ನನ್ನ ಹೊಟ್ಟೇಲಿ ಹುಟ್ಟಿದ್ದು ಇವತ್ತಿಗೂ ದಣಿಗಳ ಸ್ಮಶಾನದಲ್ಲಿ ದಣಿಗಳ ಹೆಸರಲ್ಲಿ ಮಲಗಿದೆ ಕಣೇ ರೋಸ್ಲಿನ್. ಮತ್ತೆ ಈ ಜೀವಂತ ಕೂಸು ಅಳ್ತಿತ್ತು, ನನ್ನೆದೇಲಿ ಹಾಲಿತ್ತು. ಇನ್ನೇನು ಮಾಡ್ಲಿ? ಲೇನಾ ಅಂತಲೇ ಕರೆದೆ. ಬೆರಳು ನೋಡಿ ಯಾರಿಗೂ ಒಂದು ಚೂರು ಅನುಮಾನ ಬರ್ಲಿಲ್ಲ. ಅವ್ವನ ಕಾಲೇ ಬಂದಿದೆ ಅಂದ್ರು."

ನಾನು ದಿನಾ ಹಾಸಿಗೆ ಮಡಿಸುವ ಆ ಮನೆ ನನ್ನಮ್ಮ ಹುಟ್ಟಿದ ಮನೆ. ಔಮಾ ನನ್ನ ಮೊಣಕಾಲ ಮೇಲೆ ಕೈಯಿಟ್ಟು, ಅಳೋದು ಆಮೇಲೆ ಅಳು, ಮೊದಲು ಪೂರ್ತಿ ಕೇಳು ಎಂದಳು.

"ಕೂಸಿಗೆ ನಾನು ದಪ್ಪ ಕಾಲುಚೀಲ ಹಾಕಿ ದಾರ ಕಟ್ಟಿರ್ತಿದ್ದೆ. ಸಂಜೆ ಹೊಸಿಲಿಗೆ ಬೋಗುಣಿ ಇಟ್ಟು, ದೊಡ್ಡೋರಿಗೆ ಊಟ ಬಡಿಸಿ, ಕೋಣೆಗೆ ಬಂದು ನೋಡಿದ್ರೆ ಒಂದಿನ ಕಾಲುಚೀಲ ಬಿಚ್ಚಿತ್ತು. ಕಾಲು ಒದ್ದೆ. ಬೆಚ್ಚಗೆ! ಒಂದು ಮಗು ಮಣ್ಣಿಗೆ ಕೊಟ್ಟೋಳು, ಇನ್ನೊಂದನ್ನ ಹೊಳೆಗೆ ಕೊಡ್ಲಾ? ಮಾರನೇ ದಿನ ಊಟ ಬಡಿಸೋದನ್ನ ಅರ್ಧಕ್ಕೆ ಬಿಟ್ಟು, ಬಂದು ಬಾಗಿಲ ಸಂದಿಯಿಂದ ನೋಡ್ದೆ. ಬೋಗುಣಿ ತೊಟ್ಟಿಲ ಹತ್ರ ಬಂದಿತ್ತು. ಒಬ್ಬ ಹೆಂಗಸು ಬೆನ್ನು ತಿರುಗಿಸಿ ಮೊಣಕಾಲೂರಿ ಕೂತಿದ್ಲು. ತಲೆಗೆ ಬಟ್ಟೆ ಕಟ್ಟಿದ್ಲು. ಕೂಸಿನ ಕಾಲ ಮೇಲೆ ನೀರು ಹುಯ್ಯೋ ಸದ್ದು... ನಾನು ದೇವರ ಹೆಸರು ಹೇಳ್ಕೊಂಡು, ಯಾರು ಅಂದೆ. ತಿರುಗಿದ್ಲು. ಅನ್ನೆಕೆ.

"ಅತ್ತು ಅತ್ತು ಮುಖ ಊದಿತ್ತು. ತನ್ನ ಕೂಸು ಎಲ್ಲಿದೆ ಅಂತ ಹೆತ್ತೋಳಿಗೆ ತಿಳೀದೆ ಇರುತ್ತಾ? ಎತ್ಕೊಂಡ್ರೆ ಬಿಡೋಕಾಗಲ್ಲ ಅಂತ ಎತ್ಕೊಳ್ಳಲಿಲ್ಲವಂತೆ. 'ಕಾಲು ಮಾತ್ರ ಲೇಯಾ,' ಅಂದ್ಲು. 'ಕಾಲು ಮಾತ್ರ ತೊಳೀತೀನಿ.' ಅವಳಿಗೆ ಡೆಲ್ಫೀನಾಳ ಕತೆ ಪೂರ್ತಿ ಗೊತ್ತೂ ಇರ್ಲಿಲ್ಲ ಕಣ್ರೋ. ಆ ಮಾತು ಎಲ್ಲಿಂದ ಬಂತು ಅವಳ ಬಾಯಿಗೆ? ಆಗ್ಲಿ, ದಿನಾ ಬನ್ನಿ ಅಂದೆ. ದೆವ್ವ ಅಲ್ವಲ್ಲ ಅಂತ ಒಳಗೊಳಗೇ ಸಮಾಧಾನ ಬೇರೆ. ನಿನ್ನೆ ಕಾಲುಚೀಲ ಕಟ್ಟದೆ ಹೋಗಿದ್ರಲ್ಲ ಅಂದೆ. ಅವಳು ನನ್ನ ಮುಖಾನೇ ನೋಡಿದ್ಲು. 'ನಿನ್ನೆ ನಾನು ಬಂದಿರ್ಲಿಲ್ಲ' ಅಂದ್ಲು.

"ಆಮೇಲೆ ನಾನು ಅವಳನ್ನ ಕೂಸಿನ ಹತ್ರ ಒಂಟಿಯಾಗಿ ಬಿಡ್ತಿರ್ಲಿಲ್ಲ. ಪಕ್ಕದಲ್ಲೇ ದೀಪ ಹಿಡ್ಕೊಂಡು ಕೂರ್ತಿದ್ದೆ. ಒಂದು ಸಂಜೆ ಮಳೆ. ಅವಳು ಎಡಗಾಲು ತೊಳೀತಿದ್ಲು, ಎರಡೂ ಕೈಯಲ್ಲಿ ಹಿಡ್ಕೊಂಡು. ನಾನು ಬಲಗಾಲು ನೋಡ್ದೆ... ಅದೂ ನೀರಿಂದ ಮೇಲಕ್ಕೆ ಎದ್ದಿತ್ತು. ಯಾರೋ ಅಂಗೈ ಮೇಲೆ ಇಟ್ಕೊಂಡ ಹಂಗೆ. ಅಂಟಿದ ಬೆರಳ ಸಂದೀಲಿ ನೀರು ತಾನೇ ತಾನಾಗಿ ಇಳೀತಿತ್ತು. ದೀಪ ಹತ್ರ ತಂದೆ. ಬೋಗುಣಿ ನೀರೊಳಗೆ ನಾಲ್ಕು ಕೈ ಕಂಡ್ವು. ಎರಡು ಬೆಳ್ಳಗೆ, ಉಂಗುರ ಇದ್ವು. ಎರಡು ಕಪ್ಪಗೆ, ಉಗುರು ಸವೆದಿದ್ವು. ಅನ್ನೆಕೆಗೂ ತಿಳೀತು, ನೀರೊಳಗೆ ಆ ಬೆರಳು ಇವಳ ಬೆರಳಿಗೆ ತಾಕಿತ್ತು. ಅವಳು ಕಿರುಚ್ಲಿಲ್ಲ. ಕೈ ಹಿಂದಕ್ಕೂ ತಗೊಳ್ಲಿಲ್ಲ. ಅದೇ ನನಗೆ ಎಲ್ಲಕ್ಕಿಂತ ಹೆದರಿಕೆ ಆಗಿದ್ದು.

"ಅಲ್ಲಿಂದ ಅವಳು ಬದಲಾದ್ಲು. ಊಟದ ಮೇಜಲ್ಲಿ ಹೊಳೆ ಕಡೆ ಮುಖ ಮಾಡಿ ಕೂರೋಳು. ಗಂಡ ಕರೆದ್ರೆ ತಿರುಗೋಳಲ್ಲ. ಕೂಸೂ ತೊಟ್ಟಿಲಲ್ಲಿ ಅದೇ ಕಡೆ ಹೊರಳ್ತಿತ್ತು. ನಾನು ಇನ್ನು ತೊಳೆಯೋದು ಬೇಡ ಅಂತ ಬಾಗಿಲಿಗೆ ಚಿಲಕ ಹಾಕ್ದೆ. ಆ ಭಾನುವಾರ ಮಧ್ಯಾಹ್ನ ದೊಡ್ಡೋರೆಲ್ಲ ಚರ್ಚಿಗೆ ಹೋಗಿದ್ರು. ಮೈಲಿ ದೂರ ಕೇಳೋ ಹಂಗೆ ಮಳೆ. ನಾನು ಬಟ್ಟೆ ಒಳಗೆ ತರೋಕೆ ಹೋಗಿ ಬರೋದ್ರೊಳಗೆ ತೊಟ್ಟಿಲು ಖಾಲಿ. ಹೊಸಿಲಲ್ಲಿ ಬೋಗುಣಿಯೂ ಇಲ್ಲ.

"ಓಡಿದೆ. ಆಗ ಸೇತುವೆ ಇರ್ಲಿಲ್ಲ, ಬರೀ ಕಡವು. ಕೆಂಪು ನೀರು ದಡ ಮೀರಿ ಹರೀತಿತ್ತು. ಅನ್ನೆಕೆ ಸೊಂಟದವರೆಗೂ ನೀರಲ್ಲಿ ನಿಂತಿದ್ಲು. ಕೂಸನ್ನ ಬೋಗುಣೀಲಿ ಮಲಗಿಸಿ, ಒಂದು ಕಿವಿ ಹಿಡ್ಕೊಂಡಿದ್ಲು. ಅಂಥ ಸೆಳವಲ್ಲಿ ಒಂದೇ ಕಿವಿ ಹಿಡಿದ್ರೆ ಬೋಗುಣಿ ಮಗುಚಬೇಕಲ್ವಾ? ಮಗುಚ್ಲಿಲ್ಲ. ಅಲುಗಾಡ್ಲೂ ಇಲ್ಲ. ಆಚೆ ಕಿವೀನ ಇನ್ನೊಬ್ಬಳು ಹಿಡಿದಿದ್ಲು... ನೆಂದ ಕೂದಲು ಮುಖ ಮುಚ್ಚಿತ್ತು. ಮಳೆ ಅವಳ ಮೇಲೆ ಬೀಳ್ತಿತ್ತು, ಆದ್ರೆ ಅವಳ ಮೈಯಿಂದ ಇಳೀತಿರ್ಲಿಲ್ಲ. ಇಬ್ರೂ ನಡುನೀರಿಗೆ ಹೆಜ್ಜೆ ಹಾಕ್ತಿದ್ರು, ತೊಟ್ಟಿಲು ತೂಗೋ ಹಂಗೆ ನಿಧಾನವಾಗಿ.

"ನನಗೆ ಈಜು ಬರಲ್ಲ. ಹೆಂಗೆ ನೀರಿಗಿಳಿದ್ನೋ ದೇವರಿಗೇ ಗೊತ್ತು. ಬೋಗುಣಿ ಅಂಚು ಹಿಡ್ಕೊಂಡೆ. ಆ ಕಡೆ ಹೆತ್ತೋಳು, ಈ ಕಡೆ ಮೂಲದೋಳು, ಮಧ್ಯೆ ನಾನು ಕೂಲಿಯೋಳು. ಏನು ಹಕ್ಕಿತ್ತು ನಂಗೆ? ಆದ್ರೂ ಬಾಯಿಗೆ ಬಂದಿದ್ದು ಕೂಗಿದೆ. 'ಇವಳಿಗೆ ಕಾಲು ತೊಳೆಯೋರು ಬೇಡ ಕಣ್ರೇ, ಹಾಲು ಕೊಡೋರು ಬೇಕು.'

"ಕೂಸು ನನ್ನ ದನಿಗೆ ತಿರುಗ್ತು. ಅಷ್ಟು ದಿನ ಹೊಳೆ ಕಡೆ ನೋಡ್ತಿದ್ದದ್ದು ನನ್ನ ಕಡೆ ನೋಡಿ ಬಾಯಿ ತೆಗೆದು ಅತ್ತಿತು. ಅನ್ನೆಕೆ ನನ್ನನ್ನ ನೋಡಿದ್ಲು. ಆ ನೋಟದಲ್ಲಿ ಅವಳು ಪೂರ್ತಿ ಎಚ್ಚರವಾಗಿದ್ಲು, ಅದನ್ನ ಮಾತ್ರ ಆಣೆ ಇಟ್ಟು ಹೇಳ್ತೀನಿ. ಮಗು ಎತ್ಕೋ ಅನ್ನೋ ಹಂಗೆ ತಲೆಯಾಡ್ಸಿದ್ಲು. ನಾನು ಕೂಸನ್ನ ಎತ್ಕೊಂಡ ತಕ್ಷಣ ಕಿವಿ ಬಿಟ್ಲು. ಆಚೆಯೋಳು ಬೋಗುಣಿ ಬಿಟ್ಟು ಅವಳ ಕೈ ಹಿಡ್ಕೊಂಡ್ಲು... ಆಮೇಲೆ ಬರೀ ನೀರು.

"ಮಾರನೇ ದಿನ ಅನ್ನೆಕೆ ಸಿಕ್ಕಿದ್ಲು. ಮೈಯೆಲ್ಲ ಕೆಸರು, ಬರಿಗಾಲು ಶುಭ್ರ. ಬೋಗುಣಿ ಕಲ್ಲಿಗೆ ಸಿಕ್ಕಿತ್ತು. ಹಿರಿಯಮ್ಮಾವ್ರು ಅದನ್ನ ಅಟ್ಟಕ್ಕೆ ಹಾಕಿ ಬೀಗ ಜಡಿದ್ರು. ನಾನು ಕೂಸನ್ನ ಕಟ್ಕೊಂಡು ಈ ಓಣಿಗೆ ಬಂದೆ, ಮತ್ತೆ ಆ ಮನೆ ಮೆಟ್ಟಿಲು ತುಳೀಲಿಲ್ಲ. ಬೋಗುಣಿ ಅಟ್ಟದೊಳಗಿರೋವರೆಗೂ ಹೊಳೆಯಿಂದ ಈಚೆಗೆ ಬರೋಕೆ ಅವರಿಗೆ ದಾರಿ ಇರ್ಲಿಲ್ಲ ಅಂತ ಕಾಣುತ್ತೆ. ನೀನು ಉಜ್ಜಿ, ಬೆಳಗಿ, ಅಂಟಿದ ಬೆರಳಿನ ಕೂಸನ್ನ ಒಳಗೆ ಮಲಗಿಸಿ, ಕಡವು ದಾಟಿಸ್ಕೊಂಡೇ ತಂದಿದ್ದೀಯ."

ನನಗೆ ಸಿಟ್ಟು ಬಂತು. ಹೆದರಿಕೆಗೆ ಬಂದ ಸಿಟ್ಟು ಅದು. ಇದೆಲ್ಲ ಹಳೆಯ ಕತೆ, ನನ್ನಮ್ಮ ಯಾರ ಮಗಳೆಂಬುದನ್ನು ಹೇಳಲು ಇಷ್ಟೆಲ್ಲ ದೆವ್ವ ಬೇಕಿರಲಿಲ್ಲ ಎಂದೆ. ಔಮಾ ಹೊರಗಿನ ಸದ್ದಿಗೆ ಕಿವಿಗೊಟ್ಟಿದ್ದಳು. ಆಗ ನನಗೂ ಗೊತ್ತಾಯಿತು: ತಾಮ್ರದ ಮೇಲಿನ ಟಣಟಣ ಯಾವಾಗಲೋ ನಿಂತುಹೋಗಿತ್ತು. ಮಳೆ ಕಡಿಮೆಯಾಗಿರಬೇಕು ಎಂದ ಅಪೊಲ್ಲಿಸ್ ಮಾಮ. ತಲೆಯ ಮೇಲೆ ತಗಡಿನ ಸೂರು ಮೊದಲಿನಷ್ಟೇ ಜೋರಾಗಿ ಸದ್ದು ಮಾಡುತ್ತಿತ್ತು. ಅಂಗಳದಲ್ಲಿ ಈಗ ಕೇಳುತ್ತಿದ್ದದ್ದು ನೀರು ನೀರಿಗೆ ಬೀಳುವ ಸದ್ದು. ಬೋಗುಣಿ ಬೋರಲಿರಲಿಲ್ಲ.

ನಾನು ಕಂಬಳಿಯೊಳಗೆ ಕೈ ಹಾಕಿ ಮೀಕಾಳ ಕಾಲು ಮುಟ್ಟಿದೆ. ದಾರ ಕಟ್ಟಿದಂತೆಯೇ ಇತ್ತು. ಕಾಲುಚೀಲ ತೊಯ್ದಿತ್ತು. ದಾರಿಯಲ್ಲಿ ನೆನೆದಿರಬೇಕು ಎಂದೆ.

"ಕಂಬಳಿ ನೆಂದಿದ್ಯಾ?" ಎಂದಳು ಔಮಾ.

ಇರಲಿಲ್ಲ. ಕಂಬಳಿ ಒಲೆಯ ಬಿಸಿಗೆ ಗರಿಗರಿಯಾಗಿತ್ತು. ಮೀಕಾಳ ಒಂದು ಪಾದ ಬೆಚ್ಚಗಿತ್ತು, ಇನ್ನೊಂದು ಹೊಳೆಯ ಕಲ್ಲಿನಷ್ಟು ತಣ್ಣಗೆ. ಅವಳು ಅಳುತ್ತಿರಲಿಲ್ಲ. ಬಾಗಿಲ ಕಡೆ ಮುಖ ತಿರುಗಿಸಿ ಸುಮ್ಮನೆ ನೋಡುತ್ತಿದ್ದಳು. ನಾನು ಹೆಸರು ಹಿಡಿದು ಕರೆದೆ. ಮತ್ತೆ ಕರೆದೆ.

"ಸೇತುವೆ ಮೇಲೆ ಭಾರ ಕಡಿಮೆ ಆಯ್ತಾ?" ಔಮಾ ಮೆಲ್ಲಗೆ ಕೇಳಿದಳು. "ಬೋಗುಣಿಗೆ ಎರಡು ಕಿವಿ. ಒಂದನ್ನ ನೀನು ಹಿಡಿದಿದ್ದೆ. ಇನ್ನೊಂದನ್ನ ಯಾರು ಹಿಡ್ಕೊಂಡು ಬಂದ್ರು?"

ಔಮಾ ನನ್ನ ರವಿಕೆಯ ಗುಂಡಿಯತ್ತ ಕೈ ತೋರಿಸಿ, ಹಸಿವಿರಲಿ ಬಿಡಲಿ, ಹಾಲು ಕೊಡು, ಬಿಡಬೇಡ ಎಂದಳು. ಆಮೇಲೆ ಕೋಲೂರಿ ಎದ್ದು ಒಲೆಯ ಮೇಲೆ ನೀರಿಟ್ಟಳು. ಸೌದೆ ಸರಿಸುತ್ತ, ಬೆನ್ನು ತಿರುಗಿಸಿಯೇ ಹೇಳಿದಳು.

"ಅಪೊಲ್ಲಿಸ್, ನೀರು ಬೆಚ್ಚಗಾದ ಮೇಲೆ ಹೊಸಿಲಲ್ಲಿ ಇಡಬೇಕು. ಬಾಗಿಲು ಒಂದು ಗೇಣು ತೆಗಿ, ಹೊರಗೆ ನೋಡ್ಬೇಡ. ಪೆಟ್ಟಿಗೇಲಿ ಟವೆಲು ಇದೆ ತಗೋ... ಒಂದಲ್ಲ ಕಣಪ್ಪಾ. ಎರಡು."